ಹೆಣದ ಉಸಿರು

ಅಪ್ಪ ಮುಖ ಕಾಣುವ ಹಾಗೆ ಅಲ್ಲಾಡುವ ವಿಡಿಯೋ ನಮ್ಮ ಮನೆಯಲ್ಲಿ ಒಂದೇ ಒಂದು ಇದೆ. ಅದರಲ್ಲಿ ಅವನು ಹೆಣವಾಗಿ ಮಲಗಿದ್ದಾನೆ. ಪಕ್ಕದಲ್ಲಿ ಕೂತು ಅವನ ಹೊಟ್ಟೆ ಬಗೆಯುತ್ತಿರುವವನು ನಾನು.

ಇಷ್ಟು ಹೇಳಿ ಸುಮ್ಮನಾದರೆ ಕೇಳಿದವರು ಎದ್ದು ಹೋಗುತ್ತಾರೆ. ಹಾಗಾಗಿ ಮೊದಲಿಂದ ಹೇಳುತ್ತೇನೆ.

ನಮ್ಮದು ಅಕ್ಕಿಹೆಬ್ಬಾಳು. ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟೆ. ಈಗ ಪಾಂಡವಪುರದ ಪಕ್ಕ ಒಂದು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತೇನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಯಾವ ಗಳಿಗೆಯಲ್ಲಿ ಪಾಕ ಇಳಿಸಬೇಕು ಅನ್ನುವುದು ನನ್ನ ಕೆಲಸ. ಮೊದಲೇ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಸೀದು ಹೋಗುತ್ತದೆ. ನನಗೆ ಚೆನ್ನಾಗಿ ಬರುವ ವಿದ್ಯೆ ಅದೊಂದೇ.

ನನ್ನ ಜೊತೆಗಾರ ಕಿಕ್ಕೇರಿಯವನು. ಕೆ.ಆರ್.ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ಮಾಡುತ್ತಾನೆ. ಆಷಾಢ ಬಂತು ಅಂದರೆ ಮದುವೆ ಇಲ್ಲ, ಅವನಿಗೆ ಕೆಲಸ ಇಲ್ಲ. ಮಳೆಗೆ ಕಬ್ಬು ಕಡಿಯುವುದು ನಿಂತು ನನಗೂ ಕೆಲಸ ಕಮ್ಮಿ. ಒಂದು ಆಷಾಢದಲ್ಲಿ ಮಧ್ಯಾಹ್ನ ಸ್ಟುಡಿಯೋಗೆ ಹೋದಾಗ ಅವನು ಷಟರು ಅರ್ಧ ಎಳೆದುಕೊಂಡು ಏನೋ ನೋಡುತ್ತಿದ್ದ. ಕುರ್ಚಿಗೆ ಕಟ್ಟಿದ ಒಬ್ಬನ ಕಾಲಿನ ಚರ್ಮವನ್ನು ಇನ್ನೊಬ್ಬ ಸುಲಿಯುತ್ತಿದ್ದ. ಯಾವ ದೇಶವೋ ಗೊತ್ತಿಲ್ಲ. ಮಾತೇ ಇಲ್ಲ.

"ಏನ್ಲಾ ಇದು?" ಅಂದೆ.

"ಸಿನ್ಮಾ. ಬಾ ಕುಂತ್ಕೊ."

ಅವತ್ತು ಮನೆಗೆ ಬಂದ ಮೇಲೆ ಮುದ್ದೆ ಇಳಿಯಲಿಲ್ಲ. ಮಾರನೇ ದಿನ ಮತ್ತೆ ಹೋದೆ.

ಇವು ಟಾಕೀಸಿಗೆ ಬರುವ ಸಿನಿಮಾಗಳಲ್ಲ. ಸೆನ್ಸಾರಿಗೂ ಹೋಗುವುದಿಲ್ಲ. ಹೊಟ್ಟೆಪಾಡಿಗೆ ಬೇರೆ ಏನೋ ಮಾಡಿಕೊಂಡಿರುವವರು ರಜಾ ದಿನ ಯಾರದೋ ಷೆಡ್ಡಿನಲ್ಲಿ ತೆಗೆದು, ಕಳ್ಳದಾರಿಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸುವ ಸಿನಿಮಾಗಳು. ಕತೆ ಕೇಳಬಾರದು. ಕೊಯ್ಯುವುದು, ಸುಡುವುದು, ಕಕ್ಕುವುದು, ಅಷ್ಟೇ. ಐದಾರು ನೋಡಿದ ಮೇಲೆ ಹೆದರಿಕೆ ಹೋಯಿತು. ಆಮೇಲೆ ನಾನು ನೋಡುತ್ತಿದ್ದದ್ದು ರಕ್ತವನ್ನು. ಬಹಳ ಜನ ಅದನ್ನು ತೆಳ್ಳಗೆ ಮಾಡುತ್ತಾರೆ, ನೀರಿನಂತೆ ಓಡಿಬಿಡುತ್ತದೆ. ಇಲ್ಲವೇ ಟೊಮೇಟೊ ಸಾಸಿನಂತೆ ನಿಂತುಬಿಡುತ್ತದೆ. ಕೋಳಿ ಕೊಯ್ದವರಿಗೆ ಗೊತ್ತು, ರಕ್ತ ಹಾಗೆ ಓಡುವುದೂ ಇಲ್ಲ, ಹಾಗೆ ನಿಲ್ಲುವುದೂ ಇಲ್ಲ.

ಈ ಸಿನಿಮಾಗಳ ಬಗ್ಗೆ ಕನ್ನಡದಲ್ಲಿ ಬರೆಯುವವನು ಒಬ್ಬನಿದ್ದ. ಫೋನಿನಲ್ಲಿ ಅವನದೊಂದು ಪೇಜು. ಹೆಸರಿನ ಜಾಗದಲ್ಲಿ ಚುಕ್ಕಿ, ಫೋಟೋ ಜಾಗದಲ್ಲಿ ಕಪ್ಪು ಚೌಕ. ಓದುವವರು ಹೆಚ್ಚೆಂದರೆ ಒಂದು ಬಸ್ಸಿನಷ್ಟು ಜನ. ಅವನು ನಟನೆ, ಕತೆ, ಹಾಡು ಅಂತ ಬರೆಯುತ್ತಿರಲಿಲ್ಲ. ಗಾಯದ ಅಂಚು ಹೇಗಿದೆ, ಕೂಗು ಗಂಟಲಿಂದ ಬಂತೋ ಎದೆಯಿಂದ ಬಂತೋ, ಚಾಕು ಒಳಗೆ ಹೋದಾಗ ಬಟ್ಟೆ ಮೊದಲು ಒಳಕ್ಕೆ ಎಳೆದುಕೊಂಡಿತೋ ಇಲ್ಲವೋ, ಇಂಥದ್ದು. ಹೊಗಳಿದ್ದು ಕಮ್ಮಿ. ಬೈದರೆ ಒಂದೇ ಸಾಲು. ನಾವು ಸಿನಿಮಾ ನೋಡಿ ಆಮೇಲೆ ಅವನದನ್ನು ಓದುತ್ತಿದ್ದೆವು. ಎಷ್ಟೋ ಸಲ ನಾವು ನೋಡದೇ ಇದ್ದುದನ್ನು ಅವನು ನೋಡಿರುತ್ತಿದ್ದ. ಮತ್ತೆ ಹಿಂದಕ್ಕೆ ಹೋಗಿ ನೋಡಿದರೆ ಅವನು ಹೇಳಿದ್ದು ಸರಿಯೇ ಇರುತ್ತಿತ್ತು.

ನಾವೂ ಒಂದು ಮಾಡಬೇಕು, ಅವನು ಅದರ ಬಗ್ಗೆ ಬರೆಯಬೇಕು. ಅಷ್ಟೇ ನಮ್ಮ ಆಸೆ. ಬೇರೆ ಯಾರು ನೋಡಿದರೂ ಬಿಟ್ಟರೂ ನಮಗೆ ಬೇಕಾಗಿರಲಿಲ್ಲ.

ಕತೆ ಒಂದು ಗೆರೆಯದು. ಒಬ್ಬ ಉಂಗುರ ನುಂಗಿ ಸತ್ತಿದ್ದಾನೆ. ಆಲೆಮನೆಯವನು ಅವನ ಹೊಟ್ಟೆ ಬಗೆದು ಉಂಗುರ ಹುಡುಕುತ್ತಾನೆ. ಸಿಗುವುದಿಲ್ಲ. ಇಪ್ಪತ್ತು ನಿಮಿಷದ ಸಿನಿಮಾ, ಅದರಲ್ಲಿ ಹನ್ನೊಂದು ನಿಮಿಷ ಹುಡುಕುವುದೇ. ಆಲೆಮನೆಯವನು ನಾನು. ಹೆಣ ಯಾರು ಅನ್ನುವುದೇ ಕಷ್ಟವಾಯಿತು. ಕೇಳಿದ ಹುಡುಗರೆಲ್ಲ ಮೊದಲು ಹೂಂ ಅಂದು ಆಮೇಲೆ ಅವರವ್ವಂದಿರ ಹೆಸರು ಹೇಳಿ ಜಾರಿಕೊಂಡರು.

ಒಂದು ದಿನ ಜಗಲಿಯಲ್ಲಿ ಕೂತು ಇದನ್ನೇ ಫೋನಿನಲ್ಲಿ ಮಾತಾಡುತ್ತಿದ್ದೆ. ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು ಕೇಳಿಸಿಕೊಂಡ.

"ಎಣ ಆಗಕ್ಕೆ ಜನ ಸಿಕ್ತಿಲ್ವಾ? ನಾನ್ ಮಲೀಕತೀನಿ ಬುಡು."

"ಸುಮ್ಕಿರಪ್ಪ."

"ಯಾಕ್ಲಾ? ಇಪ್ಪತ್ತೊರ್ಸದಿಂದ ಸಾಯ್ತಾವ್ನಿ ನಾನು. ನಿಮ್ಗಿಂತ ಚೆಂದಾಗ್ ಬತ್ತದೆ."

ಅದು ನಿಜ. ನಮ್ಮ ಕಡೆ ಊರೂರಲ್ಲಿ ಪೌರಾಣಿಕ ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹೇಳಿಕೊಡುತ್ತಾರೆ. ದೊಡ್ಡ ಪಾರ್ಟು ಊರಿನ ದೊಡ್ಡವರಿಗೆ ಹೋಗುತ್ತದೆ. ಅಪ್ಪನಿಗೆ ಪ್ರತಿ ಸಲವೂ ಯುದ್ಧದಲ್ಲಿ ಹೊಟ್ಟೆ ಬಗೆಸಿಕೊಂಡು ಸಾಯುವ ಪಾರ್ಟು. ಅದರಲ್ಲೇ ಅವನು ಹೆಸರು ಮಾಡಿದ್ದ. ಅವನು ಸಾಯುವುದನ್ನು ನೋಡಲೆಂದೇ ಸುತ್ತಲ ಊರಿನವರು ಬರುತ್ತಿದ್ದರು. ಸತ್ತ ಮೇಲೆ ಹಿಂದಿನಿಂದ "ಒನ್ಸ್ ಮೋರ್" ಅಂತ ಕೂಗಿದರೆ ಎದ್ದು, ಕಿರೀಟ ಸರಿ ಮಾಡಿಕೊಂಡು, ಪದ್ಯ ಹೇಳಿ, ಮತ್ತೆ ಸಾಯುತ್ತಿದ್ದ.

ಆ ಅಮಾವಾಸ್ಯೆ ಆಲೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಯಜಮಾನರು ಮಧ್ಯಾಹ್ನದ ಮಟ್ಟಿಗೆ ಬಿಟ್ಟುಕೊಟ್ಟರು. ರಕ್ತ ನಾನೇ ಮಾಡಿದೆ. ಜೋನಿಬೆಲ್ಲ, ಅಂದರೆ ಗಟ್ಟಿಯಾಗುವ ಮೊದಲೇ ಇಳಿಸಿದ ಬೆಲ್ಲ, ಅದಕ್ಕೆ ಕುಂಕುಮ, ಒಲೆ ಬಾಯಿಂದ ಕೆರೆದ ಒಂದು ಚಿಟಿಕೆ ಮಸಿ. ಮಸಿ ಬಿದ್ದ ಮೇಲೆ ನೋಡಬೇಕು, ನನಗೇ ಮೈ ಜುಂ ಅಂತು. ಕರುಳಿನ ಕೆಲಸ ಅಪ್ಪನದು. ಹಳೇ ಪಂಚೆ ಹರಿದು, ಹೊಸೆದು, ಒದ್ದೆ ಮಾಡಿ, ಬಣ್ಣದಲ್ಲಿ ಅದ್ದಿ, ಅಡಿಕೆ ಹಾಳೆಯೊಳಗೆ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡ.

"ಕರುಳು ಒಂದೇ ಸಲ ಈಚಿಗ್ ಬರ್ಬಾರ್ದು ಕಣ್ಲಾ," ಅಂದ. "ವಸಿ ಬರ್ಬೇಕು, ಇಡ್ಕೋಬೇಕು, ಆಮೇಲ್ ಜಗ್ಗಿದ್ರೆ ಬರ್ಬೇಕು. ಜನ ಕಿರುಚೋದು ಬಂದಾಗಲ್ಲ, ಇಡ್ಕಂಡಾಗ."

ಜೊತೆಗಾರ ಬಾಯಿ ಬಿಟ್ಟು ನೋಡುತ್ತಿದ್ದ. ನಾವು ಎರಡು ವರ್ಷ ನೋಡಿ ಕಲಿಯದೇ ಇದ್ದುದನ್ನು ಅಪ್ಪ ಬೀಡಿ ಸೇದುತ್ತಾ ಹೇಳಿಬಿಟ್ಟ.

ಮೊದಲ ಸಲ ಮಲಗಿದಾಗ ಒಂದು ತಮಾಷೆ ಆಯಿತು. ಜೊತೆಗಾರ ಒಂದು ಚೂರು ತೆಗೆದು "ಕಟ್" ಅಂದ. ಅಪ್ಪ ತಟ್ಟನೆ ಎದ್ದು ಕ್ಯಾಮರಾಗೆ ಕೈ ಮುಗಿದು, ಎದೆ ಹಿಡಿದುಕೊಂಡು ಇನ್ನೊಂದು ಸಲ ಬಿದ್ದು ಸತ್ತ.

"ಅಣ್ಣೋ, ಒನ್ಸ್ ಮೋರ್ ಯಾರ್ ಕೇಳಿದ್ರು ನಿನ್ನ?" ಅಂದ ಅವನು.

"ಕೇಳ್ಲಿಲ್ವಾ? ನಾನ್ ಕೇಳಿದ್ರೇನೋ ಅಂದ್ಕಂಡೆ."

ಆಮೇಲೆ ಹನ್ನೊಂದು ನಿಮಿಷದ ದೊಡ್ಡ ತುಂಡು. ಎಲ್ಲೂ ನಿಲ್ಲಿಸುವ ಹಾಗಿಲ್ಲ ಅಂತ ಜೊತೆಗಾರ ಹೇಳಿದ್ದ. ಅಪ್ಪ ಮಲಗಿದ, ನಾನು ಬಗೆದೆ. ಬೆಲ್ಲದ ವಾಸನೆಗೆ ಇರುವೆ ಬಂತು, ಜೇನುಹುಳ ಬಂತು. ಒಂದು ಹುಳ ಅಪ್ಪನ ತುಟಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿತು. ಅಪ್ಪ ರೆಪ್ಪೆ ಆಡಿಸಲಿಲ್ಲ. ಇಂಥ ನಟ ಹೊರದೇಶದವರಿಗೂ ಸಿಕ್ಕಿಲ್ಲ ಅಂದುಕೊಂಡೆ.

ಸಂಜೆ ಮನೆಗೆ ಬಂದಾಗ ಅಪ್ಪನ ಮೈಯೆಲ್ಲ ಅಂಟು. ಅವ್ವ ನೀರು ಕಾಯಿಸಿ ಹೊಯ್ಯುತ್ತಾ ಬೈದಳು.

"ಮಗ ಅಪ್ಪನ್ ಎಣ ಮಾಡ್ತಾನಂತೆ, ಈವಯ್ಯ ಮಲೀಕತಾನಂತೆ. ಇಬ್ರಿಗೂ ಬುದ್ಧಿ ಐತಾ? ನಾನಂತೂ ಅದ್ನ ಕಣ್ಣೆತ್ತಿ ನೋಡಕಿಲ್ಲ."

"ನೋಡ್ಬೇಡ. ಬೆನ್ನುಜ್ಜು," ಅಂದ ಅಪ್ಪ.

ಸಿನಿಮಾವನ್ನು ಇಂಥವೇ ಸಿನಿಮಾಗಳು ಸೇರುವ ಒಂದು ಜಾಗಕ್ಕೆ ಏರಿಸಿದೆವು. ಆ ಪೇಜಿನವನಿಗೂ ಕಳಿಸಿದೆವು. ಹೊರಗಿನವರು ಇಬ್ಬರು ಮೂವರು ಇಂಗ್ಲಿಷಿನಲ್ಲಿ ಏನೋ ಬರೆದರು, ರಕ್ತ ಹೇಗೆ ಮಾಡಿದಿರಿ ಅಂತ ಒಬ್ಬ ಕೇಳಿದ. ನಾನು ಹೇಳಲಿಲ್ಲ. ಹದಿನೈದು ದಿನ ನಾವು ಕಾಯುತ್ತಿದ್ದದ್ದು ಕಪ್ಪು ಚೌಕದವನಿಗೆ. ಬೆಲ್ಲ ಕಾಯಿಸುವಾಗಲೂ ಫೋನು ನೋಡಿ ಒಂದು ಕೊಪ್ಪರಿಗೆ ಸೀಯಿಸಿದೆ, ಯಜಮಾನರ ಕೈಲಿ ಉಗಿಸಿಕೊಂಡೆ.

ಕೊನೆಗೆ ಬರೆದ. ರಕ್ತ ಇದುವರೆಗೆ ತಾನು ನೋಡಿದ್ದರಲ್ಲೆಲ್ಲ ಸರಿಯಾದದ್ದು ಅಂದಿದ್ದ. ಕರುಳು ತಡೆದು ಬರುವುದನ್ನು ಬಿಡಿಸಿ ಬಿಡಿಸಿ ಬರೆದಿದ್ದ. ಅಲ್ಲಿಗೆ ನಾನು ಕುಣಿಯುವುದೊಂದು ಬಾಕಿ. ಕೊನೆಯ ಸಾಲಿನಲ್ಲಿ ಕೊಂದ. ಹೆಣ ಹನ್ನೊಂದು ನಿಮಿಷವೂ ಉಸಿರಾಡುತ್ತದೆ, ಹೆಣ ಉಸಿರಾಡಿದ ಮೇಲೆ ಉಳಿದದ್ದೆಲ್ಲ ಬರೀ ಬೆಲ್ಲ ಅಂದಿದ್ದ. ಇರುವೆ ನೋಡಿ ಬೆಲ್ಲ ಅಂತ ಕಂಡುಹಿಡಿದುಬಿಟ್ಟಿದ್ದ. ಕೆಳಗೆ ಜನ ನಕ್ಕಿದ್ದರು. ಹೆಣಕ್ಕೆ ಗೊರಕೆ ಬರುತ್ತಿದೆ, ಯಾರಾದರೂ ಎಬ್ಬಿಸಿ ಅಂತ ಒಬ್ಬ ಬರೆದಿದ್ದ.

ಹಿಂದಕ್ಕೆ ಹೋಗಿ ನೋಡಿದೆ. ನಿಜ. ಎದೆ ಏಳುತ್ತಿದೆ, ಇಳಿಯುತ್ತಿದೆ. ನಾನು ಅಷ್ಟು ಸಲ ನೋಡಿದ್ದರೂ ರಕ್ತ ಬಿಟ್ಟು ಬೇರೆ ನೋಡಿರಲಿಲ್ಲ.

ಆ ಸಿಟ್ಟನ್ನು ಅಪ್ಪನ ಮೇಲೆ ತೀರಿಸಿಕೊಂಡೆ. ಅವನು ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಫೋನು ಹಿಡಿದು ಓದಿ ಹೇಳಿದೆ.

"ಒಂದ್ ಎಣ ಆಗಕ್ ಬರಕಿಲ್ವಾ ನಿಂಗೆ? ಉಸ್ರು ಇಡ್ಕೊಳಕಾಗಲ್ವಾ?"

ಅಪ್ಪ ಇನ್ನೊಂದು ಕಾಲಿಗೂ ನೀರು ಹೊಯ್ದುಕೊಂಡ. ಆಮೇಲೆ ಅಂದ, "ನಾಟ್ಕದಲ್ಲಿ ಅಂಗೇ ಕಣ್ಲಾ. ಕೊನೇಲಿ ಕುಂತಿರೋನ್ಗೂ ಕಾಣ್ಬೇಕಲ್ವಾ? ಅದ್ಕೇ ಎದೆ ಎತ್ತಿ ಎತ್ತಿ ಬುಡ್ತೀವಿ."

"ಸತ್ ಮ್ಯಾಕೂವೇ?"

"ಸತ್ ಮ್ಯಾಲೇ ಜಾಸ್ತಿ."

"ಇದು ನಾಟ್ಕ ಅಲ್ಲ ಕಣಪ್ಪ. ಮಾನ ಕಳ್ದೆ."

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಮಾರನೇ ದಿನವೇ ಸ್ಟುಡಿಯೋಗೆ ಹೋದೆ. ಸರಿ ಮಾಡಬಹುದು ಅಂದ ಜೊತೆಗಾರ. ಮದುವೆ ವಿಡಿಯೋದಲ್ಲಿ ಕಣ್ಣು ಮುಚ್ಚಿದ ಹುಡುಗಿಗೆ ಕಣ್ಣು ತೆರೆಸುವವನು ಅವನು, ಇದೇನು ದೊಡ್ಡದಲ್ಲ. ಅಪ್ಪನ ಎದೆ ಕೆಳಕ್ಕಿಳಿದು ನಿಂತ ಒಂದೇ ಗಳಿಗೆಯನ್ನು ಹಿಡಿದು, ಅದನ್ನೇ ಹನ್ನೊಂದು ನಿಮಿಷಕ್ಕೂ ಎಳೆದ. ನನ್ನ ಕೈ, ಚಾಕು, ಕರುಳು ಮಾತ್ರ ಅದರ ಮೇಲೆ ಆಡುವ ಹಾಗೆ ಬಿಡಿಸಿ ಕೂರಿಸಿದ. ನಾಲ್ಕು ದಿನ ಹಿಡಿಯಿತು. ಹಳೆಯದನ್ನು ಕಿತ್ತು ಹೊಸದನ್ನು ಏರಿಸಿದೆವು.

"ಅಳೇದು ಮಡೀಕೊಂಡಿರ್ಲಾ?" ಅಂತ ಕೇಳಿದ.

"ಅಳ್ಸಾಕು. ಯಾರಾನ ನೋಡ್ಬುಟ್ಟಾರು," ಅಂದೆ. ಅಂದದ್ದು ನಾನೇ.

ಕಪ್ಪು ಚೌಕದವನು ಹೊಸದನ್ನು ನೋಡಿ ಎರಡೇ ಮಾತು ಬರೆದ. "ಈಗ ಹೆಣ" ಅಂತ. ಅವತ್ತು ನಾವಿಬ್ಬರೂ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡ್ ಹಿಂದೆ ಬಿರಿಯಾನಿ ತಿಂದೆವು. ಅಪ್ಪನಿಗೂ ತೋರಿಸಿದೆ. ಅವನು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದ.

"ಈಗ ಸರಿ ಬುಡು," ಅಂದ. "ಈಗ ಪೂರ್ತಿ ಸತ್ತವ್ನೆ."

ಕಾರ್ತೀಕದಲ್ಲಿ ಅಪ್ಪ ಸತ್ತ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ಕೆಳಗಿಟ್ಟ, ಪಕ್ಕದಲ್ಲೇ ಕೂತ, ಅಷ್ಟೇ. ಎದೆ ಹಿಡಿದುಕೊಳ್ಳಲೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬೂದಿ ಬಿಟ್ಟು, ಗಂಜಾಂ ಕಡೆಯಿಂದ ಬಸ್ಸು ಹತ್ತಿ ಬಂದೆವು. ಆ ತಿಂಗಳದ್ದು ನನಗೆ ಬೇರೆ ಏನೂ ನೆನಪಿಲ್ಲ. ಆಲೆಮನೆಯಲ್ಲಿ ಹೊಗೆ ಇತ್ತು, ಕಣ್ಣುರಿಗೆ ನೆಪ ಸಿಗುತ್ತಿತ್ತು.

ಅವ್ವ ಗಟ್ಟಿ ಹೆಂಗಸು. ಅತ್ತು ಮುಗಿಸಿ ಎಮ್ಮೆ ಕರೆಯಲು ಕೂತಳು. ಯುಗಾದಿ ಕಳೆದ ಮೇಲೆ ಒಂದು ದಿನ ಗೋಡೆಯ ಫೋಟೋ ಒರೆಸುತ್ತಾ ನಿಂತವಳು ನನ್ನನ್ನು ಕರೆದಳು.

"ಇದ್ರಲ್ಲಿ ಕಣ್ ಬುಟ್ಕಂಡ್ ಬೆದ್ರು ಬೊಂಬೆ ನಿಂತಂಗ್ ನಿಂತವ್ರೆ. ಅವ್ರು ಎಂಗ್ ತಿರುಗ್ತಿದ್ರು, ಎಂಗ್ ಕುಂತ್ಕತಿದ್ರು, ಎಲ್ಲಾ ಮರ್ತೋಗ್ತಾ ಐತೆ ಕಣ್ಲಾ. ದಿನಾ ವಸಿ ವಸಿ ಓಯ್ತದೆ. ನಿನ್ ತಾವ ಏನೂ ಇಲ್ವಾ?"

ಹುಡುಕಿದೆ. ಅಪ್ಪನದು ಬಟನ್ ಫೋನು, ಅದರಲ್ಲಿ ಏನೂ ಇಲ್ಲ. ನನ್ನ ಹಳೇ ಫೋನು ನಾಲೆಗೆ ಬಿದ್ದು ಹೋಗಿತ್ತು. ಅಕ್ಕನ ಮದುವೆ ವಿಡಿಯೋದಲ್ಲಿ ಅಪ್ಪ ಸಾರಿನ ಬಕೆಟ್ ಹಿಡಿದು ಓಡುತ್ತಾನೆ, ಬೆನ್ನು ಮಾತ್ರ. ನಾಟಕದವರ ಸಿ.ಡಿ. ಹಾಕಿದರೆ ಗೀರು ಬಿದ್ದು ಚೌಕ ಚೌಕವಾಗಿ ಒಡೆಯಿತು, ಗಡ್ಡ ಮೀಸೆಯೊಳಗೆ ಯಾರಾದರೂ ಇರಬಹುದಿತ್ತು.

"ಆ ಎಣದ್ ಸಿನ್ಮಾ ಐತಲ್ಲ, ಅದ್ನೇ ತೋರ್ಸು," ಅಂದಳು ಅವ್ವ.

"ನೋಡಕಿಲ್ಲ ಅಂದಿದ್ದೆ."

"ಆಗ ಮನೇಲೇ ಇದ್ರಲ್ಲ, ಯಾಕ್ ನೋಡ್ಲಿ?"

ಫೋನಿನಲ್ಲಿ ಹೊಸದು ಇತ್ತು. ಹಾಕಿ ಕೊಟ್ಟೆ. ಅವಳು ಕರುಳಿಗೂ ಹೆದರಲಿಲ್ಲ, ರಕ್ತಕ್ಕೂ ಹೆದರಲಿಲ್ಲ. ನನ್ನ ಕೈಯನ್ನು ಪರದೆಯಿಂದ ಸರಿಸುವವಳಂತೆ ಬೆರಳಾಡಿಸಿ ಅಪ್ಪನ ಮುಖವನ್ನೇ ನೋಡಿದಳು. ಎರಡು ನಿಮಿಷ ಆಯಿತೋ ಇಲ್ಲವೋ, ವಾಪಸ್ಸು ಕೊಟ್ಟಳು.

"ಇದೂ ಫೋಟೋನೇ ಕಣೋ."

ನನಗೆ ಯಾರೋ ಬಿಸಿ ಪಾಕ ಕಾಲ ಮೇಲೆ ಹೊಯ್ದ ಹಾಗಾಯಿತು. ಇಳಿದು ನಿಂತ ಆ ಒಂದು ಗಳಿಗೆಯನ್ನು ಹಿಡಿಸಿದವನು ನಾನು. ಎದ್ದು ಇಳಿಯುತ್ತಿದ್ದದ್ದನ್ನು ಅಳಿಸಿದವನು ನಾನು.

ಬಸ್ಸು ಹತ್ತಿ ಕೆ.ಆರ್.ಪೇಟೆಗೆ ಹೋದೆ. ಜೊತೆಗಾರ ಯಾವುದೋ ಮದುವೆಯ ಆಲ್ಬಂ ಮಾಡುತ್ತಿದ್ದ.

"ಅಳೇದು ಬೇಕು. ಉಸ್ರಾಡೋದು."

"ನೀನೇ ಅಳ್ಸಾಕು ಅಂದ್ಯಲ್ಲ."

"ತೆಗ್ದಿದ್ ಮೂಲನಾದ್ರೂ ಇರ್ಬೇಕಲ್ಲ?"

"ಶ್ರಾವಣ್ದಲ್ಲಿ ಒಂದೇ ವಾರ ಆರ್ ಮದ್ವೆ ಇತ್ತು. ಎಲ್ ಮಡೀಕೊಳ್ಲಿ? ಒರ್ಸ್ಬುಟ್ಟೆ."

"ಯಾರ್ದೋ ಮದ್ವೆಗೆ ನಮ್ಮಪ್ಪನ್ ಒರ್ಸ್ಬುಟ್ಯಾ?"

"ಬಾಯ್ ಮುಚ್ಚು," ಅಂದ ಅವನು. ಕಣ್ಣು ಕೆಂಪಗಾಗಿತ್ತು. "ನಿಮ್ಮಪ್ಪ ಇಂಗೆ ಒಂಟೋಯ್ತಾರೆ ಅಂತ ನಂಗೇನ್ ಕನ್ಸು ಬಿದ್ದಿತ್ತಾ?"

ಅವನ ತಪ್ಪಲ್ಲ ಅಂತ ನನಗೂ ಗೊತ್ತಿತ್ತು. ಏರಿಸಿದ್ದ ಜಾಗದಲ್ಲಿ ಹುಡುಕಿದೆವು. ಅಲ್ಲಿ ಹಳೆಯದು ಇರಲಿ, ಹೊಸದೂ ಇರಲಿಲ್ಲ. ರಕ್ತ ಜಾಸ್ತಿ ಅಂತಲೋ ಏನೋ ನಮ್ಮದನ್ನು ಕಿತ್ತು ಹಾಕಿದ್ದರು.  ಆಮೇಲೆ ಅವನೇ ಅಂದ, "ಆ ಚುಕ್ಕಿ ನನ್ಮಗನ್ನ ಕೇಳ್ ನೋಡು. ಅಷ್ಟು ಬಿಡಿಸಿ ಬರ್ದವ್ನೆ ಅಂದ್ರೆ ಮಡೀಕೊಂಡೇ ನೋಡಿರ್ಬೇಕು."

ಕಪ್ಪು ಚೌಕಕ್ಕೆ ಬರೆದೆ. ಹಳೇ ಸಿನಿಮಾ ಬೇಕು, ಇದ್ದರೆ ಕೊಡಿ. ಯಾಕೆ ಅಂತ ಬರೆಯಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು. ಇದೆ, ದೊಡ್ಡದು, ಹೀಗೆ ಕಳಿಸಲಾಗದು, ಬಂದರೆ ಕೊಡುತ್ತೇನೆ. ಕೆಳಗೆ ನಾಗಮಂಗಲದ ಒಂದು ರಸ್ತೆ, ಒಂದು ಅಂಗಡಿಯ ಗುರುತು. ನಾನು ಅವನನ್ನು ಬೆಂಗಳೂರಿನ ಯಾವುದೋ ದೊಡ್ಡ ಓದಿದವನು ಅಂದುಕೊಂಡಿದ್ದೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇದ್ದ.

ಅದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರುಗಳು ಬಾಗಿಲವರೆಗೂ ಇದ್ದವು. ಐವತ್ತರ ಹತ್ತಿರದ ಒಬ್ಬ ಆಸಾಮಿ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಎಡಗೈ ಎತ್ತಿ ತಡೆದ. ಸುತ್ತು ಲೆಕ್ಕ ಹಾಕುತ್ತಿದ್ದ, ತುಟಿ ಆಡುತ್ತಿತ್ತು. ಒಂದು ಸುತ್ತು ತಪ್ಪಿದರೂ ಮೋಟಾರು ಮತ್ತೆ ಸುಡುತ್ತದೆ. ನಿಂತೆ.

ಹಾಗೇ ಸುತ್ತುತ್ತಾ ಕೇಳಿದ, "ಬೆಲ್ಲದ ಸಿನ್ಮಾದವ್ನಾ?"

"ಹೂಂ."

"ಎರಡ್ನೇದೇ ವಾಸಿ ಅಲ್ವಾ? ಮೊದಲ್ನೇದು ಯಾಕೆ?"

"ಮೊದಲ್ನೇದ್ರಲ್ಲಿ ಉಸ್ರಾಡ್ತದೆ."

"ಅದೇ ತಾನೇ ತಪ್ಪು."

"ನಮ್ಮಪ್ಪ ಅದು. ಎಣ ಆಗಿದ್ದು. ಈಗಿಲ್ಲ."

ಅವನ ಕೈ ನಿಂತಿತು. ತುಟಿ ಆಡಿಸಿದ, ಮತ್ತೆ ಆಡಿಸಿದ. ಲೆಕ್ಕ ತಪ್ಪಿತ್ತು. ಅಷ್ಟು ಹೊತ್ತು ಸುತ್ತಿದ್ದ ತಂತಿಯನ್ನೆಲ್ಲ ಬಿಚ್ಚಿ, ಎದ್ದು ಒಳಗೆ ಹೋದ. ಹಿಂದುಗಡೆ ಒಂದು ಹಳೇ ಕಂಪ್ಯೂಟರು. ಅದರ ಪಕ್ಕ ಡಬ್ಬಿಗಳಲ್ಲಿ ಹಾರ್ಡ್ ಡಿಸ್ಕುಗಳು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಕನ್ನಡ ಅಕ್ಷರ.

"ಇದೆಲ್ಲ ಏನು?"

"ನಾನ್ ಬೈದಿರೋವು."

"ಬೈದಿರೋವ್ನ ಯಾಕ್ ಮಡೀಕತೀರ?"

"ಒಳ್ಳೇವ್ನ ಯಾರಾನ ಮಡೀಕತಾರೆ. ಇವು ಎಲ್ಲೂ ಇರಕಿಲ್ಲ. ನಾಳೆ ಯಾವನಾನ ಬಂದು ಸುಳ್ ಬರ್ದೆ ಅಂದ್ರೆ ಏನ್ ತೋರಿಸ್ಲಿ?" ಹುಡುಕಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಅವನ ಕೈಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. "ನೋಡಪ್ಪ, ನಾನ್ ಬರ್ದಿದ್ದು ಬರ್ದಿದ್ದೇ. ಅಳ್ಸಕಿಲ್ಲ. ಎಣ ಉಸ್ರಾಡ್ತದೆ."

"ಅಳ್ಸ್ಬೇಡಿ," ಅಂದೆ.

ಟೀ ತರಿಸಿದ. ಕುಡಿಯುವಾಗ ರಕ್ತಕ್ಕೆ ಮಸಿ ಎಷ್ಟು ಹಾಕಿದೆ ಅಂತ ಕೇಳಿದ, ಹೇಳಿದೆ. ಕರುಳು ತಡೆದು ಬರುವುದು ಯಾರ ಐಡಿಯಾ ಅಂತ ಕೇಳಿದ. ಅದನ್ನೂ ಹೇಳಿದೆ. ತಲೆ ಆಡಿಸಿ, "ಅಂಗಾದ್ರೆ ಅವ್ರ್ ಹೆಸ್ರು ಹಾಕ್ಬೇಕಿತ್ತು ನೀವು," ಅಂದ. ನಾವು ಸಿನಿಮಾಗೆ ಯಾರ ಹೆಸರೂ ಹಾಕಿರಲಿಲ್ಲ. ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಪೆನ್‌ಡ್ರೈವ್ ಜೇಬಿನಲ್ಲಿತ್ತು. ನಾಗಮಂಗಲದಿಂದ ಕೆ.ಆರ್.ಪೇಟೆವರೆಗೂ ಅದರ ಮೇಲೆ ಕೈ ಇಟ್ಟುಕೊಂಡೇ ಬಂದೆ. ಜೊತೆಗಾರ ಫೋನಿಗೆ ಇಳಿಸಿಕೊಟ್ಟ. ನಾನು ನೋಡಲಿಲ್ಲ. ಮೊದಲು ಅವ್ವ ನೋಡಲಿ ಅನ್ನಿಸಿತು. ಇದೂ ಫೋಟೋ ಅಂದುಬಿಟ್ಟರೆ ಅನ್ನುವ ಭಯವೂ ಇತ್ತು. ಎದ್ದು ಇಳಿಯುವುದು ನಾಟಕದ ಉಸಿರು ಅಂತ ಅಪ್ಪನೇ ಹೇಳಿದ್ದನಲ್ಲ. ಅವಳಿಗೆ ಬೇಕಾದದ್ದು ನಾಟಕದ ಗಂಡ ಅಲ್ಲ.

ಮನೆಗೆ ಬಂದಾಗ ಅವ್ವ ಹಿತ್ತಲ ಬಾಗಿಲಲ್ಲಿ ಹುರುಳಿಕಾಳು ಕೇರುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ನಾನು ಪಕ್ಕದಲ್ಲಿ ಕೂತು ಫೋನು ಹಿಡಿದೆ. ಸಿನಿಮಾಗೆ ಜೊತೆಗಾರ ಕಬ್ಬಿಣ ಉಜ್ಜಿದಂಥ ಸದ್ದು ಸೇರಿಸಿದ್ದ.

"ಇದೇನ್ಲಾ ಗರಗಸ ಕುಯ್ದಂಗೆ? ನಿಲ್ಲುಸು. ಅವ್ರ್ ಸದ್ದು ಕೇಳುಸ್ಲಿ."

"ಅವ್ರ್ ಸದ್ದು ಇದ್ರಲ್ಲಿಲ್ಲ ಕಣವ್ವ. ಇದೊಂದೇ ಇರೋದು."

ಸದ್ದು ಪೂರ್ತಿ ತೆಗೆದೆ. ಅಪ್ಪನ ಎದೆ ಎದ್ದಿತು, ಇಳಿಯಿತು. ಅವ್ವ ಮುಖವನ್ನು ಫೋನಿನ ಹತ್ತಿರ ತಂದಳು. ಮೂರು ನಿಮಿಷ, ನಾಲ್ಕು ನಿಮಿಷ. ನಾನು ಅವಳ ಮುಖ ನೋಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳ ಹೊಟ್ಟೆ ಕುಲುಕಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

"ನಾಟ್ಕನೂ ಇಲ್ಲ ಏನೂ ಇಲ್ಲ ಕಣ್ಲಾ. ನಿದ್ದೆ ಒಡೀತಾವ್ರೆ."

"ಏನು?"

"ಬಾಯ್ ನೋಡು. ಎಡಗಡೆ ತುದಿ ಪುಸ್ ಅಂತದಲ್ಲ? ಗಡದ್ದಾಗ್ ನಿದ್ದೆ ಬಂದ್ರೆನೇ ಅವ್ರಿಗೆ ಅಂಗಾಗದು. ಇಪ್ಪತ್ತೇಳೊರ್ಸ ನೋಡಿವ್ನಿ. ಅವತ್ತು ಕರೆಂಟು ಕೋಳಿ ಕೂಗೋ ಮುಂಚೆ ಬಂತು ಅಂತ ಗದ್ದೆಗೆ ನೀರ್ ಕಟ್ಟಕ್ಕೋಗಿದ್ರು. ಕಣ್ ಮುಚ್ಚಿರ್ನಿಲ್ಲ."

ನೋಡಿದೆ. ಬಾಯಿಯ ಎಡ ತುದಿ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಜೇನುಹುಳ ಬಂತು, ತುಟಿಯ ಮೇಲೆ ನಡೆಯಿತು, ಹೋಯಿತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಹಾಗಾದರೆ ಕಾಲು ತೊಳೆಯುತ್ತಾ ಅವನು ಹೇಳಿದ್ದು ಸುಳ್ಳು. ಕೊನೇಲಿ ಕೂತವನಿಗೂ ಕಾಣಬೇಕು ಅಂದದ್ದು, ಸತ್ತ ಮೇಲೆ ಜಾಸ್ತಿ ಅಂದದ್ದು, ಎಲ್ಲ ಅಲ್ಲೇ ಕಟ್ಟಿದ್ದು. ಮಗನ ಸಿನಿಮಾದಲ್ಲಿ ನಿದ್ದೆ ಮಾಡಿಬಿಟ್ಟೆ ಅನ್ನಲು ಅವನಿಗೆ ನಾಚಿಕೆ ಆಗಿತ್ತು. ನಾನು "ಮಾನ ಕಳ್ದೆ" ಅಂದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೋದ. ನಿದ್ದೆ ಬಂತು ಕಣ್ಲಾ ಅಂತ ಒಂದು ಮಾತು ಅಂದಿದ್ದರೆ ನಾನು ಇನ್ನೂ ಜೋರಾಗಿ ಬೈಯುತ್ತಿದ್ದೆ, ಅದು ಅವನಿಗೆ ಗೊತ್ತಿತ್ತು.

ಸಿನಿಮಾ ಅಂತ ನೋಡಿದರೆ ಈಗಲೂ ಎರಡನೆಯದೇ ವಾಸಿ. ಕಪ್ಪು ಚೌಕದವನು ಬರೆದದ್ದು ಸರಿ. ಆದರೆ ಆ ಮಧ್ಯಾಹ್ನ ಹನ್ನೊಂದು ನಿಮಿಷ ನಾನು ಅಪ್ಪನ ಪಕ್ಕದಲ್ಲೇ, ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ದಣಿದ ಮನುಷ್ಯ ಮಲಗಿ ನಿದ್ದೆ ಮಾಡುತ್ತಿದ್ದ. ನಾನು ಮಸಿ ಸಾಕಾಯಿತೋ ಇಲ್ಲವೋ ಅಂತ ನೋಡುತ್ತಿದ್ದೆ. ಆ ಹನ್ನೊಂದು ನಿಮಿಷಕ್ಕೆ ವಾಪಸ್ಸು ಹೋಗಿ ಸುಮ್ಮನೆ ಕೂತು ಬರಬೇಕು ಅನ್ನಿಸುತ್ತದೆ. ಆಲೆಮನೆಯಲ್ಲಿ ಅದೇ ಜಾಗದ ಮೇಲೆ ದಿನಾ ಹತ್ತು ಸಲ ಓಡಾಡುತ್ತೇನೆ, ಅಲ್ಲಿ ಈಗ ಅಚ್ಚು ಜೋಡಿಸುತ್ತಾರೆ.

ಮುಗಿಯಿತು. ಅವ್ವ ಫೋನು ಬಿಡಲಿಲ್ಲ.

"ಇನ್ನೊಂದ್ ಸಲ ಹಾಕು. ನಿನ್ನ ಕೈ ಬರೋಗಂಟ ಹಾಕು, ಸಾಕು."

ಹಾಕಿದೆ. ಅವಳು ನೋಡುತ್ತಾ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು, ಆದರೆ ಕೇರಲಿಲ್ಲ. ಆಮೇಲೆ ಅಲ್ಲಿಗೇ ನಿಲ್ಲಿಸಿಕೊಡು, ಮುಖ ನೋಡಬೇಕು ಅಂದಳು. ನಿಲ್ಲಿಸಿದೆ. ಬೇಡ, ನಿಲ್ಲಿಸಬೇಡ, ಓಡಲಿ ಅಂದಳು. ಓಡಿಸಿದೆ. ಫೋನು ಹಳೆಯದು, ಮುಟ್ಟದೇ ಇದ್ದರೆ ಪರದೆ ಮಂಕಾಗಿಬಿಡುತ್ತದೆ. ಅವಳು ನೋಡಿದಷ್ಟು ಹೊತ್ತೂ ನಾನು ಪರದೆಯ ಮೂಲೆಗೆ ಬೆರಳು ತಾಗಿಸುತ್ತಾ ಕೂತಿದ್ದೆ.